ಅಂಗಳ ಅಗೆಯದೆ ಒಳಚರಂಡಿ ಪೈಪ್ ದುರಸ್ತಿ: ಯಾವಾಗ ಸಾಧ್ಯ, ಯಾವಾಗ ಇಲ್ಲ?

ಕುರುಂದವಾಡ: ಸಂಡಾಸದ ನೀರು ಇಳಿಯುತ್ತಿಲ್ಲ ಎಂದು ಗೌಂಡಿಯನ್ನು ಕರೆಸಿದರೆ ಅವನ ಜೊತೆ ಗುದ್ದಲಿ, ಹಾರೆಗಳೂ ಬರುತ್ತವೆ. ಅಂಗಳದ ಫರಸಿ ಕೀಳಬೇಕು, ಕೆಲವೊಮ್ಮೆ ತುಳಸಿಕಟ್ಟೆಯನ್ನೂ ಸರಿಸಬೇಕು. ಪೈಪಿನ ಖರ್ಚಿಗಿಂತ ಮತ್ತೆ ಫರಸಿ ಕೂರಿಸುವ ಖರ್ಚೇ ಹೆಚ್ಚಾಗುವುದುಂಟು. ಇದಕ್ಕೆ ಹೆದರಿ ಅನೇಕರು ಕಟ್ಟಿಕೊಂಡಾಗಲೊಮ್ಮೆ ಬಿದಿರಿನ ಪಟ್ಟಿ ಹಾಕಿಸಿ ವರ್ಷಗಟ್ಟಲೆ ದಿನ ದೂಡುತ್ತಾರೆ. ಅಗೆಯದೆ ಪೈಪ್ ಸರಿಪಡಿಸುವ ವಿಧಾನಗಳು ಈಗ ಇವೆ. ಆದರೆ ಎಲ್ಲ ದೋಷಕ್ಕೂ ಅವು ಮದ್ದಲ್ಲ.

ದಿನ ದೂಡಿದರೆ ಏನಾಗುತ್ತದೆ?

ಒಡೆದ ಪೈಪು ಬರೀ ವಾಸನೆಯ ಸಮಸ್ಯೆಯಲ್ಲ. ಅನೇಕ ಮನೆಗಳಲ್ಲಿ ನಳದ ಪೈಪು ಮತ್ತು ಕೊಳಚೆ ಪೈಪು ಹತ್ತಿರದಲ್ಲೇ ಹಾದುಹೋಗಿರುತ್ತವೆ. ನೀರು ದಿನವಿಡೀ ಬಾರದ ಊರುಗಳಲ್ಲಿ ನೀರು ನಿಂತ ಹೊತ್ತಿನಲ್ಲಿ ನಳದ ಪೈಪಿನೊಳಗೆ ಒತ್ತಡ ಇರುವುದಿಲ್ಲ. ಸಣ್ಣ ಬಿರುಕಿದ್ದರೂ ಹೊರಗಿನ ಕೊಳಚೆ ಒಳಕ್ಕೆ ಜಿನುಗುತ್ತದೆ. 2012ರಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ಹರಡಿ ಸಾವಿರಾರು ಜನ ಹಾಸಿಗೆ ಹಿಡಿದದ್ದನ್ನು ಈ ಭಾಗದವರು ಮರೆತಿಲ್ಲ. ಅದಕ್ಕೆ ಕಾರಣವಾದ ಹೆಪಟೈಟಿಸ್ ಇ ವೈರಾಣು ಹರಡುವುದು ಮುಖ್ಯವಾಗಿ ಕೊಳಚೆ ಸೇರಿದ ಕುಡಿಯುವ ನೀರಿನಿಂದ. ಗರ್ಭಿಣಿಯರಿಗೆ ಇದು ಪ್ರಾಣಕ್ಕೇ ಎರವಾಗಬಲ್ಲದು.

ಪೈಪು ಕೆಡುವುದು ಹೇಗೆ?

ಹಳೆಯ ಮನೆಗಳಲ್ಲಿ ಸುಟ್ಟ ಮಣ್ಣಿನ ಸ್ಟೋನ್‌ವೇರ್ ಪೈಪುಗಳಿವೆ. ಇವುಗಳ ತುಂಡುಗಳು ಗಿಡ್ಡ, ಹಾಗಾಗಿ ಸಿಮೆಂಟ್ ಬೆಸುಗೆಗಳು ಹೆಚ್ಚು. ಕೃಷ್ಣಾ, ಪಂಚಗಂಗಾ ತೀರದ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಜೊತೆ ಪೈಪೂ ಅಲುಗಿ ಬೆಸುಗೆ ಬಿಡುತ್ತದೆ. ಆ ಸಂದಿನಲ್ಲಿ ತೇವ ಹುಡುಕಿಕೊಂಡು ಬೇರು ನುಗ್ಗುತ್ತದೆ. 2005, 2019 ಮತ್ತು 2021ರಲ್ಲಿ ಬಂದಂಥ ಮಹಾಪೂರದಲ್ಲಿ ಪೈಪಿನೊಳಗೆ ರೇವೆ ತುಂಬುತ್ತದೆ. ಬೆಸುಗೆ ಬಿಟ್ಟಲ್ಲಿ ಸುತ್ತಲಿನ ಮಣ್ಣು ಪೈಪಿನೊಳಗೆ ಜಾರಿ, ಅಂಗಳದ ಕೆಳಗೆ ಪೊಳ್ಳಾಗುತ್ತದೆ. ಫರಸಿ ಒಂದೆಡೆ ಕುಸಿದಿದ್ದರೆ ಇದನ್ನು ಶಂಕಿಸಬೇಕು.

ಮೊದಲು ತೊಳೆದು, ನೋಡಿ

ಯಾವ ದುರಸ್ತಿಗೂ ಮೊದಲು ಪೈಪು ತೊಳೆಯಬೇಕು. ಒತ್ತಡದ ನೀರು ಚಿಮ್ಮಿಸುವ ಜೆಟ್ಟಿಂಗ್ ಯಂತ್ರದಿಂದ ರೇವೆ, ಜಿಡ್ಡು ಹೊರಬರುತ್ತವೆ. ಬೇರು ಕತ್ತರಿಸಲು ಬೇರೆ ಮೊನೆಗಳಿವೆ. ಅನಂತರ ಕೇಬಲ್ಲಿಗೆ ಕಟ್ಟಿದ ಸಣ್ಣ ಕ್ಯಾಮೆರಾ ಒಳಗೆ ಬಿಟ್ಟು, ದೋಷ ಎಷ್ಟು ಅಡಿಯಲ್ಲಿದೆ, ಎಂಥದು ಎಂದು ಪರದೆಯ ಮೇಲೆ ನೋಡುತ್ತಾರೆ. ಆ ಚಿತ್ರೀಕರಣದ ಒಂದು ಪ್ರತಿ ಕೇಳಿ ಪಡೆಯಿರಿ. ಎಷ್ಟೋ ಸಲ ತೊಂದರೆ ಬರೀ ಕಟ್ಟಿಕೊಂಡದ್ದಷ್ಟೇ ಆಗಿರುತ್ತದೆ, ದುರಸ್ತಿಯೇ ಬೇಕಿರುವುದಿಲ್ಲ.

ಅಗೆಯದ ಮೂರು ವಿಧಾನ

1. ಒಳಪದರ (ಲೈನಿಂಗ್): ರಾಳ ಹೀರಿಸಿದ ಬಟ್ಟೆಯ ಕೊಳವೆಯನ್ನು ಹಳೆಯ ಪೈಪಿನೊಳಗೆ ತೂರಿಸಿ, ಗಾಳಿ ಅಥವಾ ನೀರಿನಿಂದ ಉಬ್ಬಿಸಿ ಗೋಡೆಗೆ ಅಂಟಿಸುತ್ತಾರೆ. ಬಿಸಿನೀರು, ಹಬೆ ಅಥವಾ ಅತಿನೇರಳೆ ಬೆಳಕಿನಿಂದ ಅದು ಗಟ್ಟಿಯಾಗಿ ಪೈಪಿನೊಳಗೆ ಬೆಸುಗೆಯಿಲ್ಲದ ಹೊಸ ಪೈಪಾಗುತ್ತದೆ. 1971ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಎರಿಕ್ ವುಡ್ ಲಂಡನ್ನಿನಲ್ಲಿ ಇದನ್ನು ಮೊದಲು ಮಾಡಿ ತೋರಿಸಿದರು. ಬಿರುಕು, ಬಿಟ್ಟ ಬೆಸುಗೆ, ಬೇರಿನ ಕಾಟಕ್ಕೆ ಇದು ಸರಿ. ಬಚ್ಚಲಿನಿಂದ ಬಂದು ಸೇರುವ ಕವಲುಗಳ ಬಾಯಿ ಮುಚ್ಚಿಹೋಗುವುದರಿಂದ ಅವನ್ನು ಒಳಗಿನಿಂದಲೇ ಮತ್ತೆ ಕೊರೆದು ತೆರೆಯಬೇಕು.

2. ತೇಪೆ: ಒಂದೇ ಕಡೆ ಬಿರುಕಿದ್ದರೆ ಅಷ್ಟಕ್ಕೇ ಇದೇ ಬಗೆಯ ಗಿಡ್ಡ ಪದರ ಅಂಟಿಸುತ್ತಾರೆ.

3. ಒಡೆದು ಎಳೆಯುವುದು: ಎರಡು ತುದಿಗಳಲ್ಲಿ ಒಂದೊಂದು ಗುಂಡಿ ತೋಡಿ, ಉಕ್ಕಿನ ಮೊನೆಯನ್ನು ಎಳೆಯುತ್ತಾರೆ. ಅದು ಹಳೆಯ ಪೈಪನ್ನು ಒಡೆಯುತ್ತ ಹಿಂದೆಯೇ ಹೊಸ ಎಚ್‌ಡಿಪಿಇ ಪೈಪನ್ನು ಎಳೆದು ತರುತ್ತದೆ. 1970ರ ದಶಕದ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಗ್ಯಾಸ್ ಪೈಪು ಬದಲಿಸಲು ಹುಟ್ಟಿದ ವಿಧಾನವಿದು. ಪೈಪು ತೀರ ಹಾಳಾಗಿದ್ದರೆ ಅನುಕೂಲ. ಆದರೆ ಪಕ್ಕದಲ್ಲೇ ನಳದ ಪೈಪು ಅಥವಾ ಹಳೆಯ ಗೋಡೆಯ ಬುನಾದಿ ಇದ್ದರೆ ಅದಕ್ಕೂ ಪೆಟ್ಟು ಬೀಳಬಹುದು.

ಅಗೆಯಲೇಬೇಕಾದ ಸಂದರ್ಭ

ಪೈಪು ಪೂರ್ತಿ ಕುಸಿದು ದಾರಿಯೇ ಇಲ್ಲದಿದ್ದರೆ ಒಳಪದರ ಹಾಕಲಾಗದು. ಇಳಿಜಾರು ಕೆಟ್ಟಿದ್ದರೂ ಅಷ್ಟೇ. 4 ಇಂಚಿನ ಪೈಪಿಗೆ ಸಾಮಾನ್ಯವಾಗಿ 40 ಅಡಿಗೆ 1 ಅಡಿ, 6 ಇಂಚಿನದಕ್ಕೆ 60 ಅಡಿಗೆ 1 ಅಡಿ ಇಳಿಜಾರು ಇಡುತ್ತಾರೆ. ನಡುವೆ ಪೈಪು ಜಗ್ಗಿ ನೀರು ನಿಂತಿದ್ದರೆ, ಒಳಪದರ ಹಾಕಿದ ಮೇಲೂ ಅದೇ ಜಾಗದಲ್ಲಿ ಕಟ್ಟಿಕೊಳ್ಳುತ್ತದೆ. ಕ್ಯಾಮೆರಾ ನೀರಿನಲ್ಲಿ ಮುಳುಗುವ ಜಾಗ ಕಂಡರೆ ಅಲ್ಲಿ ಅಗೆಯುವುದೇ ದಾರಿ. ಆದರೆ ಇಡೀ ಅಂಗಳ ಬೇಡ, ಆ ಕೆಲವು ಅಡಿ ಸಾಕು.

ಖರ್ಚಿನ ಲೆಕ್ಕ

ಪೈಪು ಎಷ್ಟೇ ಗಿಡ್ಡವಿರಲಿ, ಯಂತ್ರ ಮತ್ತು ಕೆಲಸಗಾರರನ್ನು ಊರಿಗೆ ತರುವ ಖರ್ಚು ತಪ್ಪದು. ಹಾಗಾಗಿ ಬರೀ ಮಣ್ಣಿನ ಹಿತ್ತಿಲಲ್ಲಿ ಹತ್ತು ಅಡಿ ಪೈಪಿದ್ದರೆ ಅಗೆಯುವುದೇ ಅಗ್ಗ. ಪೈಪು ಫರಸಿ, ಕಟ್ಟೆ, ಕೋಣೆಗಳ ಕೆಳಗೆ ಹಾದಿದ್ದರೆ ಲೆಕ್ಕ ತಿರುವುಮುರುವಾಗುತ್ತದೆ. ಒಂದೇ ಓಣಿಯ ನಾಲ್ಕು ಮನೆಯವರು ಸೇರಿ ಒಮ್ಮೆಗೇ ಮಾಡಿಸಿದರೆ ತಲೆಗೆ ಬೀಳುವ ಖರ್ಚು ತಗ್ಗುತ್ತದೆ. ಮನೆಯ ಗಡಿ ದಾಟಿ ಮುಖ್ಯ ಗಟಾರಕ್ಕೆ ಸೇರುವ ಭಾಗ ಮುಟ್ಟುವ ಮೊದಲು ನಗರಪರಿಷತ್ತಿನಲ್ಲಿ ಕೇಳಿಕೊಳ್ಳಿ. ರಾಳ ಗಟ್ಟಿಯಾಗುವಾಗ ಕಟುವಾಸನೆ ಬರಬಹುದು. ಆ ದಿನ ಕಿಟಕಿ ತೆರೆದಿಟ್ಟು, ಬಚ್ಚಲ ಟ್ರ್ಯಾಪುಗಳಲ್ಲಿ ನೀರು ತುಂಬಿಸಿಡಿ.

ಮನುಷ್ಯನನ್ನು ಇಳಿಸಬೇಡಿ

ಸೆಪ್ಟಿಕ್ ಟ್ಯಾಂಕ್, ಆಳದ ಚೇಂಬರಿನಲ್ಲಿ ಕಣ್ಣಿಗೆ ಕಾಣದ ವಿಷಾನಿಲ ಇರುತ್ತದೆ. ಒಬ್ಬ ಬಿದ್ದರೆ ಅವನನ್ನು ಎತ್ತಲು ಇಳಿದವನೂ ಉಳಿಯುವುದಿಲ್ಲ. ಸುರಕ್ಷತಾ ಸಾಧನವಿಲ್ಲದೆ ಜನರನ್ನು ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ. ಮೊದಲ ತಪ್ಪಿಗೇ 2 ವರ್ಷದವರೆಗೆ ಜೈಲು, 2 ಲಕ್ಷ ರೂ.ವರೆಗೆ ದಂಡ, ಅಥವಾ ಎರಡೂ ಆಗಬಹುದು. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂ. ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಆದೇಶಿಸಿದೆ. ಕ್ಯಾಮೆರಾ, ಜೆಟ್ಟಿಂಗ್ ಯಂತ್ರಗಳ ದೊಡ್ಡ ಉಪಕಾರ ಇದೇ: ಫರಸಿಯ ಜೊತೆಗೆ ಒಂದು ಜೀವವೂ ಉಳಿಯುತ್ತದೆ.

ಗುದ್ದಲಿ ಎತ್ತುವ ಮೊದಲು ಒಮ್ಮೆ ಕ್ಯಾಮೆರಾ ಬಿಡಿಸಿ ನೋಡಿ. ಅಂಗಳದಲ್ಲಿ ಬಾವಿ ಅಥವಾ ನಳದ ಪೈಪು ಹತ್ತಿರವಿದ್ದರೆ ದುರಸ್ತಿ ಮುಗಿಯುವವರೆಗೆ ನೀರು ಕುದಿಸಿ ಕುಡಿಯಿರಿ.