ಪರದೆ ಕಟ್ಟಿದ ಬಸ್ಸು: ರೊಕೆಯಾ ಅವರ ಶಾಲೆಯ ಬಗ್ಗೆ ಒಂದು ಟಿಪ್ಪಣಿ

ಬಂಗಾಳದ ಲೇಖಕಿ ರೊಕೆಯಾ ಸಖಾವತ್ ಹುಸೇನ್ (1880–1932) ಅವರ ಬಗ್ಗೆ ಬರೆಯುವವರು ಬಹುಮಟ್ಟಿಗೆ ‘ಸುಲ್ತಾನಾಸ್ ಡ್ರೀಮ್’ ಕಥೆಯ ಹತ್ತಿರವೇ ನಿಂತುಬಿಡುತ್ತಾರೆ. 1905ರಲ್ಲಿ ಮದರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ನಲ್ಲಿ ಅಚ್ಚಾದ ಆ ಇಂಗ್ಲಿಷ್ ಕಥೆಯಲ್ಲಿ ಗಂಡಸರು ಜನಾನಾದೊಳಗೆ (ಅಂತಃಪುರದಲ್ಲಿ), ಹೆಂಗಸರು ಆಡಳಿತದಲ್ಲಿ. ಕಲ್ಪನೆ ಸೊಗಸಾಗಿದೆ, ನಿಜ. ಆದರೆ ಅವರ ಕೆಲಸದ ತೂಕ ತಿಳಿಯಲು ನಾನು ನೋಡುವುದು ಅವರ ಶಾಲೆಯ ಬಸ್ಸನ್ನು.

ರೊಕೆಯಾ ಹುಟ್ಟಿದ್ದು ರಂಗಪುರ ಜಿಲ್ಲೆಯ ಪಾಯ್ರಾಬಂದ್‌ನ ಜಮೀನ್ದಾರಿ ಮನೆಯಲ್ಲಿ. ಹೆಣ್ಣುಮಕ್ಕಳಿಗೆ ಬಂಗಾಳಿ, ಇಂಗ್ಲಿಷ್ ಬೇಡವೆನ್ನುವ ಮನೆ. ಅಣ್ಣ ಇಬ್ರಾಹಿಂ ರಾತ್ರಿ ಎಲ್ಲರೂ ಮಲಗಿದ ಮೇಲೆ ಪಾಠ ಹೇಳಿಕೊಟ್ಟರು. ಅಕ್ಕ ಕರೀಮುನ್ನಿಸಾ ಬಂಗಾಳಿಯ ರುಚಿ ಹತ್ತಿಸಿದರು. ಭಾಗಲ್ಪುರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟ್ ಆಗಿದ್ದ ಪತಿ ಸಖಾವತ್ ಹುಸೇನ್ ಹೆಂಡತಿಯ ಬರವಣಿಗೆಗೆ ಅಡ್ಡಬಂದವರಲ್ಲ. ಹೆಣ್ಣುಮಕ್ಕಳ ಶಾಲೆಗೆಂದು 10,000 ರೂಪಾಯಿ ಮೀಸಲಿಟ್ಟು 1909ರಲ್ಲಿ ತೀರಿಕೊಂಡರು. ಅದೇ ವರ್ಷ ಭಾಗಲ್ಪುರದಲ್ಲಿ ಐವರು ಹುಡುಗಿಯರೊಂದಿಗೆ ಶಾಲೆ ತೆರೆಯಿತು. ಆಸ್ತಿಯ ಜಗಳದಿಂದ ರೊಕೆಯಾ ಊರು ಬಿಡಬೇಕಾಯಿತು. 1911ರ ಮಾರ್ಚ್‌ನಲ್ಲಿ ಕಲ್ಕತ್ತೆಯ ವಲಿಯುಲ್ಲಾ ಲೇನ್‌ನಲ್ಲಿ ಅದೇ ಶಾಲೆ ಮತ್ತೆ ಶುರುವಾಯಿತು. ಈ ಸಲ ಎಂಟು ಮಂದಿ.

ಇನ್ನು ಬಸ್ಸಿನ ಮಾತು. ಪರದೆ ಪದ್ಧತಿಯ ಮನೆಗಳಿಂದ ಹುಡುಗಿಯರನ್ನು ಕರೆತರಬೇಕಾದರೆ ಗಾಡಿ ನಾಲ್ಕೂ ಕಡೆ ಮುಚ್ಚಿರಬೇಕು. ಹಾಗೆ ಮಾಡಿಸಿದ ಹೊಸ ಬಸ್ಸಿನೊಳಗೆ ಗಾಳಿಯೂ ಇಲ್ಲ, ಬೆಳಕೂ ಇಲ್ಲ. ಮಕ್ಕಳು ಹೆದರಿ ಅತ್ತರು, ಕೆಲವರು ಎಚ್ಚರ ತಪ್ಪಿದರು. ಸರಿ, ಕಿಂಡಿ ತೆರೆದು ಬಟ್ಟೆಯ ಪರದೆ ಇಳಿಬಿಟ್ಟರು. ಗಾಳಿಗೆ ಪರದೆ ಹಾರಿತು. ‘ಪರದೆ ಕೆಟ್ಟಿತು’ ಎಂದು ಬೆದರಿಕೆಯ ಕಾಗದಗಳು ಬಂದವು. ಈ ಪ್ರಸಂಗವನ್ನು ರೊಕೆಯಾ ‘ಅವರೋಧವಾಸಿನಿ’ ಪುಸ್ತಕದಲ್ಲಿ (1931) ತಾವೇ ಬರೆದಿದ್ದಾರೆ, ನಗುವೋ ಸಂಕಟವೋ ಬೇರ್ಪಡಿಸಲಾಗದ ಧಾಟಿಯಲ್ಲಿ.

ಬರಹದಲ್ಲಿ ಜನಾನಾದ ಕಟ್ಟುಪಾಡನ್ನು ಅಷ್ಟು ಖಂಡಿಸಿದವರು ಶಾಲೆಯಲ್ಲಿ ಅದಕ್ಕೆ ಮಣಿದದ್ದೇಕೆ? ಇದನ್ನು ಇಬ್ಬಂದಿತನ ಎಂದು ತಳ್ಳಿಹಾಕುವುದು ಆತುರದ ತೀರ್ಮಾನ. ಬರಹಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ; ಶಾಲೆಗೆ ತಂದೆತಾಯಿಯ ಒಪ್ಪಿಗೆ ಬೇಕಿತ್ತು. ಬಸ್ಸು ಮನೆಬಾಗಿಲಿಗೆ ಹೋಗದಿದ್ದರೆ ಹುಡುಗಿ ಹೊಸ್ತಿಲು ದಾಟುತ್ತಲೇ ಇರಲಿಲ್ಲ. ಪಾಠದ ಭಾಷೆಯಲ್ಲೂ ಇದೇ ಲೆಕ್ಕ: ಬಂಗಾಳಿಯ ಪರವಾಗಿ ವಾದಿಸಿದ ಲೇಖಕಿಯ ಶಾಲೆ ಉರ್ದುವಿನಲ್ಲಿ ನಡೆಯಿತು, ಬಂದ ಮಕ್ಕಳ ಮನೆಮಾತು ಬಹುತೇಕ ಅದೇ ಆಗಿದ್ದರಿಂದ. ನನ್ನನ್ನು ಕೇಳಿದರೆ, ಪರದೆಗಿಂತ ಇದೇ ಅವರಿಗೆ ಹೆಚ್ಚು ಚುಚ್ಚಿರಬೇಕು.

1916ರಲ್ಲಿ ಅವರು ಕಟ್ಟಿದ ‘ಅಂಜುಮನ್-ಎ-ಖವಾತೀನ್-ಎ-ಇಸ್ಲಾಂ’ ಎಂಬ ಮುಸ್ಲಿಂ ಮಹಿಳೆಯರ ಸಂಘ ಬಡ ಹೆಂಗಸರ ನಡುವೆ ಕೆಲಸ ಮಾಡಿತು; ಅದಕ್ಕೆ ಬೇರೆಯೇ ಟಿಪ್ಪಣಿ ಬೇಕು. 1932ರ ಡಿಸೆಂಬರ್ 9ರಂದು ರೊಕೆಯಾ ತೀರಿಕೊಂಡರು. ಪತಿಯ ಹೆಸರು ಹೊತ್ತ ಆ ಶಾಲೆ ಈಗ ಸರ್ಕಾರಿ ಶಾಲೆಯಾಗಿ ಕೋಲ್ಕತ್ತದ ಲಾರ್ಡ್ ಸಿನ್ಹಾ ರಸ್ತೆಯಲ್ಲಿದೆ.