ಲಾವಂಚದ ತಟ್ಟಿ

ಲಾವಂಚದ ಬೇರುಗಳನ್ನು ಬಿದಿರಿನ ಚೌಕಟ್ಟಿಗೆ ಬಿಗಿದು, ಬಾಗಿಲು ಕಿಟಕಿಗಳಿಗೆ ತೂಗುಹಾಕಿ, ನೀರು ಎರಚಿ ಕೋಣೆಯನ್ನು ತಂಪಾಗಿಡುವ ಸಾಧನ. ಉತ್ತರ ಭಾರತದಲ್ಲಿ ಇದಕ್ಕೆ ಖಸ್ ತಟ್ಟಿ ಎನ್ನುತ್ತಾರೆ. ವಿದ್ಯುತ್ ಫ್ಯಾನು ಬರುವವರೆಗೂ ಗಂಗಾ ಬಯಲಿನ ಉಳ್ಳವರು ಬೇಸಿಗೆಯ ಹಗಲನ್ನು ಕಳೆಯುತ್ತಿದ್ದದ್ದು ಬಹುಮಟ್ಟಿಗೆ ಇದರ ಮರೆಯಲ್ಲೇ.

ಲಾವಂಚ ಹುಲ್ಲಿನ ಜಾತಿಯ ಗಿಡ. ಇದರ ಬೇರು ಅಕ್ಕಪಕ್ಕ ಹರಡದೆ ನೇರ ಕೆಳಗಿಳಿಯುತ್ತದೆ. 3 ಮೀಟರಿಗೂ ಆಳ ಹೋಗುವುದುಂಟು. ಒಣಗಿದ ಬೇರು ಕೂದಲಿನ ಸಿಕ್ಕಿನಂತೆ ಒಂದಕ್ಕೊಂದು ಹೆಣೆದುಕೊಳ್ಳುವುದರಿಂದ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಗಾಳಿಗೂ ದಾರಿ ಬಿಡುತ್ತದೆ. ಒಂದು ಲೀಟರು ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. 1,000 ವ್ಯಾಟಿನ ಹೀಟರು 40 ನಿಮಿಷದಲ್ಲಿ ಕೊಡುವಷ್ಟು ಶಾಖ ಅದು. ತಟ್ಟಿಯನ್ನು ಹಾದುಬರುವ ಬಿಸಿಗಾಳಿಯೇ ಇದನ್ನು ತೆತ್ತು, ತಣ್ಣಗಾಗಿ, ಬೇರಿನ ಮಣ್ಣುಗಂಪನ್ನು ಹೊತ್ತು ಒಳಗೆ ಬರುತ್ತದೆ. ಆದ್ದರಿಂದಲೇ ಲೂ ಎಂಬ ಒಣ ಪಡುವಣ ಗಾಳಿ ಬೀಸುವ ಕಡೆಗೆ ತಟ್ಟಿ ಕಟ್ಟುತ್ತಿದ್ದರು. ಗಾಳಿ ನಿಂತರೆ, ಇಲ್ಲವೇ ಮಳೆಗಾಲದ ತೇವ ಏರಿದರೆ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಮೊಗಲರ ಕಾಲದಲ್ಲಿ ಖಸ್‌ನಿಂದಲೇ ಪುಟ್ಟ ಮನೆಗಳನ್ನು ಕಟ್ಟುವ ರೂಢಿಯಿತ್ತು. ಅವಕ್ಕೆ ಖಸ್‌ಖಾನಾ ಎಂದು ಹೆಸರು. ಫ್ರೆಂಚ್ ಪ್ರವಾಸಿ ಬರ್ನಿಯೆ 1663ರಲ್ಲಿ ದೆಹಲಿ, ಆಗ್ರಾಗಳನ್ನು ಕುರಿತು ಬರೆದ ಪತ್ರದಲ್ಲಿ ಇವನ್ನು ವರ್ಣಿಸಿದ್ದಾನೆ. ಆಳುಗಳು ಹೊರಗಿನಿಂದ ನೀರು ಹಾಕಲು ಅನುಕೂಲವಾಗಲೆಂದು ಅವನ್ನು ತೋಟದ ನಡುವೆ, ನೀರಿನ ಕೊಳದ ಹತ್ತಿರವೇ ಕಟ್ಟುತ್ತಿದ್ದರಂತೆ. ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳ ಬಂಗಲೆಗಳಿಗೂ ತಟ್ಟಿ ಬಂತು. ಗಾಳಿಯಿಲ್ಲದ ದಿನಕ್ಕೆಂದು 19ನೇ ಶತಮಾನದಲ್ಲಿ ಥರ್ಮಾಂಟಿಡೋಟ್ ಎಂಬ ಯಂತ್ರವೂ ಹುಟ್ಟಿತು: ಕಿಟಕಿಗೆ ಹೊಂದಿಸಿದ ಮರದ ಪೆಟ್ಟಿಗೆ, ಅದರ ಬದಿಗೆ ಒದ್ದೆ ತಟ್ಟಿ, ಒಳಗೆ ಕೈಯಿಂದ ತಿರುಗಿಸುವ ಗಾಳಿಚಕ್ರ.

ತಟ್ಟಿ ಒಣಗಲು ಬಿಡುವಂತಿರಲಿಲ್ಲ. ಚರ್ಮದ ಚೀಲದಲ್ಲಿ ನೀರು ಹೊತ್ತು ತರುವ ಭಿಸ್ತಿಗಳು, ಹಗಲಿಡೀ ಎರಚುವ ಆಳುಗಳು ಅದೇ ಬಿಸಿಲಿನಲ್ಲಿ ಹೊರಗೆ ನಿಂತಿರುತ್ತಿದ್ದರು. ಇದರ ಚರಿತ್ರೆಯಲ್ಲಿ ಅರಮನೆಗಳಿಗಿಂತ ಮೊದಲು ನೆನೆಯಬೇಕಾದವರು ಇವರು.

ಕರ್ನಾಟಕದಲ್ಲಿ ಈ ವಿಧಾನ ಒಗ್ಗುವುದು ಕಲಬುರಗಿ, ರಾಯಚೂರು, ಬಳ್ಳಾರಿಯಂಥ ಒಣ ಬಿಸಿಲಿನ ಸೀಮೆಗೆ. ಬೆವರೇ ಆರದ ಕರಾವಳಿಯ ಸೆಕೆಗೆ ಅಲ್ಲ. ಕುಡಿಯುವ ನೀರಿನ ಮಡಕೆಗೆ ಲಾವಂಚದ ಬೇರು ಹಾಕುವ ರೂಢಿ ಮಾತ್ರ ಎರಡೂ ಕಡೆ ಇದೆ. ಅಲ್ಲಿ ನೀರನ್ನು ತಂಪು ಮಾಡುವುದು ಮಡಕೆಯ ಮೈಯಿಂದ ಜಿನುಗಿ ಆರುವ ತೇವ; ಬೇರು ಕೊಡುವುದು ಕಂಪನ್ನು. ಇಂದಿನ ಕೂಲರ್ ತಟ್ಟಿಯ ತತ್ವದ ಮೇಲೆಯೇ ನಡೆಯುತ್ತದೆ. ನೀರು ಎರಚುವವರ ಜಾಗಕ್ಕೆ ಪುಟ್ಟ ಪಂಪು ಬಂದಿದೆ, ಲೂ ಗಾಳಿಯ ಕೆಲಸವನ್ನು ಫ್ಯಾನು ಮಾಡುತ್ತದೆ. ಪ್ಯಾಡಿಗೆ ಲಾವಂಚವನ್ನೇ ತುಂಬಿಸುವವರು ಈಗಲೂ ಇದ್ದಾರೆ.