ನೀರು ಹಿಂದಕ್ಕೆ ಹರಿದಾಗ

ನೀರು ತಗ್ಗಿಗೆ ಹರಿಯುವುದು ಅದರ ಸಹಜ ಧರ್ಮ. ಆದರೆ ಅದು ಬಂದ ದಾರಿಯಲ್ಲಿಯೇ ಹಿಂದಿರುಗುವುದೂ ಉಂಟೆಂಬುದನ್ನು ನಾನು ಮೊದಲು ಅರಿತದ್ದು ಪುಸ್ತಕದಿಂದಲ್ಲ, ನಮ್ಮ ಮನೆಯ ಹಿತ್ತಲಿನಲ್ಲಿ.

ಕೆಲವು ವರ್ಷಗಳ ಹಿಂದೆ ಹಿತ್ತಲಿನ ನಲ್ಲಿ ಸೋರತೊಡಗಿತು. ಕೊಳಾಯಿ ಕೆಲಸದವನನ್ನು ಕರೆಸಿದರೆ ದುಡ್ಡು ದಂಡವೆಂದು ನಾನೇ ಬಿಚ್ಚಿ ವಾಷರು ಬದಲಾಯಿಸಿದೆ. ಸೋರುವುದು ಹೆಚ್ಚಿತೇ ಹೊರತು ನಿಲ್ಲಲಿಲ್ಲ. ಆ ನೀರಾದರೂ ವ್ಯರ್ಥವಾಗದಿರಲೆಂದು ನಲ್ಲಿಯ ಬಾಯಿಗೆ ರಬ್ಬರು ಕೊಳವೆ ಬಿಗಿದು, ಅದರ ತುದಿಯನ್ನು ಬಟ್ಟೆ ನೆನೆಹಾಕಿದ್ದ ತೊಟ್ಟಿಯಲ್ಲಿ ಮುಳುಗಿಸಿಟ್ಟೆ. ರಾತ್ರಿ ಊರಿನ ನೀರು ನಿಂತಿತು. ಬೆಳಗ್ಗೆ ಅಡುಗೆಮನೆಯಿಂದ ಕೂಗು ಬಂದಿತು: “ಏನೂಂದ್ರೆ, ನಲ್ಲೀಲಿ ಸೋಪಿನ ನೊರೆ ಬರ್ತಿದೆ!” ಹಿತ್ತಲಿಗೆ ಹೋಗಿ ನೋಡಿದರೆ ತೊಟ್ಟಿಯ ನೀರು ಅರ್ಧಕ್ಕಿಳಿದಿತ್ತು.

ಇದು ಮಾಯೆಯಲ್ಲ. ಸರಬರಾಜು ನಿಂತಾಗ ಕೊಳವೆಯೊಳಗಿನ ನೀರು ತಗ್ಗಿನ ಕಡೆಗೆ ಇಳಿದುಹೋಗುತ್ತದೆ. ಆಗ ಉಂಟಾಗುವ ಸೆಳೆತ, ಹುಡುಗರು ಪರಂಗಿ ಎಲೆಯ ದಂಟಿನಿಂದ ನೀರು ಹೀರುವಂತೆ, ತೊಟ್ಟಿಯ ನೀರನ್ನು ಹೀರಿಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಬಂದದ್ದು ಸೋಪಿನ ನೊರೆ. ಅದರ ಜಾಗದಲ್ಲಿ ಬಚ್ಚಲ ಕೊಳಚೆ ಇದ್ದಿದ್ದರೆ? ಈ ಪ್ರಶ್ನೆಗೆ ಇತಿಹಾಸವೇ ಉತ್ತರ ಕೊಟ್ಟಿದೆ.

1933ನೆಯ ಇಸವಿ. ನಮ್ಮ ಬೆಂಗಳೂರಿಗೆ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ ಸಿದ್ಧವಾದ ವರ್ಷ. ಅದೇ ವರ್ಷ ಅಮೆರಿಕದ ಷಿಕಾಗೋ ನಗರ ತನ್ನ ಶತಮಾನೋತ್ಸವಕ್ಕಾಗಿ ದೊಡ್ಡದೊಂದು ವಸ್ತುಪ್ರದರ್ಶನವನ್ನು ಏರ್ಪಡಿಸಿತ್ತು. ದೇಶದ ನಾನಾ ಕಡೆಗಳಿಂದ ಬಂದವರಲ್ಲಿ ಅನೇಕರು ಕಾಂಗ್ರೆಸ್ ಮತ್ತು ಆಡಿಟೋರಿಯಂ ಎಂಬ ಎರಡು ಹೋಟೆಲುಗಳಲ್ಲಿ ಇಳಿದುಕೊಂಡರು. ಉತ್ಸವ ನೋಡಿ ಊರಿಗೆ ಮರಳಿದ ಕೆಲವು ವಾರಗಳ ತರುವಾಯ ಅವರಿಗೆ ರಕ್ತಭೇದಿ ಆರಂಭವಾಯಿತು. ಅಮೀಬ ಎಂಬ ಸೂಕ್ಷ್ಮಜೀವಿಯಿಂದ ಬರುವ ಆಮಶಂಕೆ ಅದು. ದೂರದೂರುಗಳ ವೈದ್ಯರಿಗೆ ರೋಗದ ಮೂಲ ಹೊಳೆಯಲಿಲ್ಲ. ಕೆಲವರಿಗೆ ಬೇರಾವುದೋ ಕಾಯಿಲೆಯೆಂದು ಶಸ್ತ್ರಚಿಕಿತ್ಸೆಯನ್ನೂ ಮಾಡಿದರು. ಮೊದಮೊದಲು ಸಂಶಯ ಬಿದ್ದದ್ದು ಅಡುಗೆಯವರ ಮತ್ತು ಬಡಿಸುವವರ ಮೇಲೆ. ಕಡೆಗೆ ಕೊಳವೆಗಳನ್ನು ಪರೀಕ್ಷಿಸಿದಾಗ ನಿಜ ಹೊರಬಿತ್ತು.

ಅವು ಹತ್ತೊಂಬತ್ತನೆಯ ಶತಮಾನದ ಕಟ್ಟಡಗಳು. ಕುಡಿಯುವ ನೀರಿನ ಕೊಳವೆಗಳೂ ಕೊಳಚೆಯ ಕೊಳವೆಗಳೂ ಹಳತಾಗಿ ಕೆಟ್ಟಿದ್ದವು. ಒಂದರ ನೀರು ಇನ್ನೊಂದಕ್ಕೆ ಸೇರಲು ಎಡೆಗಳಿದ್ದವು. ಒಂದು ಹೋಟೆಲಿನ ನೀರನ್ನೇ ಇನ್ನೊಂದೂ ಪಡೆಯುತ್ತಿದ್ದುದರಿಂದ ಒಂದರ ದೋಷ ಎರಡಕ್ಕೂ ತಗುಲಿತು. ಬೆಳಕಿಗೆ ಬಂದ ರೋಗಿಗಳು 1,409 ಮಂದಿ. ಸತ್ತವರು 98 ಮಂದಿ. ನಗರದ ನೀರಿನಲ್ಲಿ ದೋಷವಿರಲಿಲ್ಲ; ಮನೆಯೊಳಗೆ ಬಂದ ಮೇಲೆ ಅದು ಕೆಟ್ಟಿತು.

ಬಾವಿಯ ಕಾಲದಲ್ಲಿ ಒಂದು ಬಾವಿ ಕೆಟ್ಟರೆ ಅದನ್ನು ಸೇದುವವರಿಗೆ ಮಾತ್ರ ಕೇಡು. 1896ರಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ಬೆಂಗಳೂರಿಗೆ ಹರಿದುಬಂದ ಮೇಲೆ ನಮ್ಮ ನಾಡಿನಲ್ಲಿಯೂ ಮನೆಗಳು ಒಂದಕ್ಕೊಂದು ಹೆಣೆದುಕೊಂಡವು. ಗೋಡೆ ನಮ್ಮದು, ನಲ್ಲಿ ನಮ್ಮದು. ಆದರೆ ಕೊಳವೆಯೊಳಗಿನ ನೀರು ಬೀದಿಯವರೆಲ್ಲರದು. ಹೊತ್ತು ಗೊತ್ತಿಗೆ ನೀರು ಬಿಡುವ ನಮ್ಮ ಊರುಗಳಲ್ಲಿ ಕೊಳವೆ ದಿನವೂ ಬರಿದಾಗುವುದರಿಂದ ಈ ಸೆಳೆತದ ಭಯವೂ ದಿನದಿನದ್ದು.

ಹಾಗಾದರೆ ಮನೆಯವರು ಸ್ಪ್ಯಾನರನ್ನು ಮುಟ್ಟಲೇಬಾರದೆ? ಹಾಗೇನಿಲ್ಲ. ನೀರಿನ ವಾಲ್ವನ್ನು ಮುಚ್ಚಿ, ವಾಷರನ್ನು ಸರಿಯಾಗಿ ಕೂರಿಸಲು ಬಲ್ಲವರು ಕೂರಿಸಲಿ. ಆದರೆ ನಲ್ಲಿಯ ಬಾಯಿ ಪಾತ್ರೆಯ ಅಂಚಿಗಿಂತ ಮೇಲಿರಬೇಕು. ನಡುವೆ ಒಂದೆರಡು ಅಂಗುಲ ಬರಿಯ ಗಾಳಿಯಿದ್ದರೆ ಸಾಕು, ಕೊಳೆನೀರು ಅದನ್ನು ದಾಟಲಾರದು. ಬಾವಿಯ ಅಥವಾ ಕೊಳವೆಬಾವಿಯ ನೀರನ್ನು ಊರಿನ ಕೊಳವೆಗೆ ಕೂಡಿಸಕೂಡದು. ಬೀದಿಯ ಕೊಳವೆಗೆ ನೇರವಾಗಿ ಪಂಪು ಹಚ್ಚಿ ನೀರೆಳೆಯಕೂಡದು. ಒಡಕಿದ್ದೆಡೆ ಅದು ಚರಂಡಿಯ ನೀರನ್ನೂ ಎಳೆದೀತು. ಕೊಳವೆ ಕತ್ತರಿಸುವ, ಬೆಸೆಯುವ ಕೆಲಸವನ್ನು ಬಲ್ಲವನಿಗೇ ಬಿಡುವುದು ಲೇಸು.

ಆ ದಿನವೇ ನಾನು ರಬ್ಬರು ಕೊಳವೆಯನ್ನು ಕಿತ್ತು ಕೆಲಸದವನನ್ನು ಕರೆಸಿದೆ. ಅವನು ನಲ್ಲಿ ಸರಿಮಾಡಲು ತೆಗೆದುಕೊಂಡದ್ದು ಕಾಲು ಗಂಟೆ. ಪಕ್ಕದ ಮನೆಯವರಲ್ಲಿ ಹೋಗಿ, “ಇಂದು ನಲ್ಲಿಯ ನೀರನ್ನು ಸ್ವಲ್ಪ ಹರಿಯಬಿಟ್ಟು ಹಿಡಿಯಿರಿ” ಎಂದು ಹೇಳಿ, ಕಾರಣ ತಿಳಿಸುವುದೇ ನನಗೆ ಹೆಚ್ಚು ಕಷ್ಟವಾಯಿತು.